ಶೇಖರಣ್ಣನ ಹದಿನೆಂಟನೆಯ ಡಬ್ಬಿ

ಗುಟ್ಟು ಕಾಯುವುದಕ್ಕೂ ಒಂದು ಮೈಕಟ್ಟು ಬೇಕು ಎಂದು ನನಗೆ ಈಚೆಗೆ ಅನಿಸತೊಡಗಿದೆ. ನನಗೆ ಅದಿಲ್ಲ. ಕಾರ್ಕಳದಿಂದ ಬೈಲೂರು, ಹಿರಿಯಡಕ, ಪರ್ಕಳ, ಮಣಿಪಾಲ ದಾಟಿ ಉಡುಪಿಗೆ ಓಡುವ ಖಾಸಗಿ ಸರ್ವೀಸ್ ಬಸ್ಸಿನಲ್ಲಿ ನಾನು ಇಪ್ಪತ್ತೆರಡು ವರ್ಷಗಳಿಂದ ಕಂಡಕ್ಟರ್. ಇರುವುದನ್ನು ಇರುವ ಹಾಗೆ ಗಟ್ಟಿಯಾಗಿ ಕೂಗಿ ಹೇಳುವುದೇ ನನ್ನ ಉದ್ಯೋಗ. ಮನೆಯಲ್ಲಿಯೂ ಅಷ್ಟೇ, ಹೆಂಡತಿ ಗಿರಿಜೆಯಿಂದ ಏನಾದರೂ ಮುಚ್ಚಿಡಲು ಹೋದರೆ ಮೊದಲು ಕಿವಿ ಕೆಂಪಾಗುತ್ತದೆ, ಆಮೇಲೆ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. ಇಂಥವನ ಕಪಾಟಿನಲ್ಲಿ, ಯಾರೋ ಉಡುಗೊರೆ ಕೊಟ್ಟ, ನಮ್ಮೂರು ಕಾಪುವಿನ ಸೆಕೆಗೆ ಎಂದೂ ಬೇಕಾಗದ ಉಣ್ಣೆಯ ಕಂಬಳಿಯ ಕೆಳಗೆ, ಒಂದೊಂದಾಗಿ ಬಂದು ಹದಿನೇಳು ಡಬ್ಬಿಗಳು ಕೂತಿದ್ದವು. ಅವು ನನ್ನವಲ್ಲ. ನಮ್ಮ ಬಸ್ಸಿನ ಡ್ರೈವರ್ ಶೇಖರಣ್ಣನವು. ಶೇಖರಣ್ಣ ತೀರಿಕೊಂಡು ಏಳು ತಿಂಗಳಾಯಿತು. ಡ್ರೈವರ್ ಎಂದು ಬರೆಯುವಾಗ 'ಆಗಿದ್ದ' ಎಂದು ಸೇರಿಸಬೇಕು ಎಂಬುದು ನನಗೆ ಗೊತ್ತು. ಇನ್ನೊಮ್ಮೆ ಬರೆಯುವಾಗ ಸೇರಿಸುತ್ತೇನೆ.

ಡಬ್ಬಿಗಳೊಳಗೆ ಇದ್ದದ್ದು ನಾಣ್ಯಗಳು. ಸರಕಾರದ ಟಂಕಸಾಲೆಯವರು ಸಂಗ್ರಹಕಾರರಿಗೆಂದೇ ತಯಾರಿಸುವ ಪ್ರೂಫ್ ಸೆಟ್ಟುಗಳು. ಇವುಗಳ ಬಗ್ಗೆ ನನಗೆ ತಿಳಿದಿರುವುದೆಲ್ಲ ಶೇಖರಣ್ಣ ಹೇಳಿದ್ದು. ತಪ್ಪಿದ್ದರೆ ಅವನ ಲೆಕ್ಕಕ್ಕೆ ಹಾಕಿ. ಸಾಮಾನ್ಯ ನಾಣ್ಯಕ್ಕೆ ಅಚ್ಚು ಒಂದೇ ಸಲ ಬೀಳುತ್ತದಂತೆ, ಇದಕ್ಕೆ ಒಂದಕ್ಕಿಂತ ಹೆಚ್ಚು ಸಲ. ಅಚ್ಚನ್ನು ಮೊದಲೇ ಉಜ್ಜಿ ಉಜ್ಜಿ ಕನ್ನಡಿ ಮಾಡಿರುತ್ತಾರಂತೆ. ಹಾಗಾಗಿ ನಾಣ್ಯದ ನೆಲ ಮುಖ ಕಾಣುವಷ್ಟು ಹೊಳೆಯುತ್ತದೆ, ಅದರ ಮೇಲಿನ ಚಿತ್ರ ಮಾತ್ರ ಅಕ್ಕಿಹಿಟ್ಟು ಉದುರಿಸಿದ ಹಾಗೆ ಬೆಳ್ಳಗೆ ಎದ್ದು ನಿಲ್ಲುತ್ತದೆ. ಒಂದು ಸೆಟ್ಟಿನಲ್ಲಿ ನೂರು ರೂಪಾಯಿಯದು, ಇನ್ನೊಂದರಲ್ಲಿ ನೂರಿಪ್ಪತ್ತೈದರದು, ಒಮ್ಮೆಯಂತೂ ಮುನ್ನೂರೈವತ್ತು ರೂಪಾಯಿಯ ನಾಣ್ಯ. ಅದನ್ನು ಕೇಳಿದ ಕೂಡಲೇ ನನಗೆ ಚಿಲ್ಲರೆಯ ಸಂಕಟ ಶುರುವಾಯಿತು. ಬೆಳಗಿನ ಟ್ರಿಪ್ಪಿನಲ್ಲಿ, ಮೆಟ್ಟಿಲಿನವರೆಗೂ ಜನ ತುಂಬಿದಾಗ, ಯಾರಾದರೂ ಇದನ್ನು ಕೈಗಿಟ್ಟು ಒಂದು ಪರ್ಕಳ ಎಂದರೆ ನಾನೇನು ಮಾಡಲಿ ಎಂದು ಕೇಳಿದೆ. ಇದು ಯಾರ ಕೈಗೂ ಕೊಡುವುದಲ್ಲ ಮಾರಾಯ, ಇದನ್ನು ಬರಿಗೈಯಲ್ಲಿ ಮುಟ್ಟಲಿಕ್ಕೇ ಇಲ್ಲ ಎಂದು ಶೇಖರಣ್ಣ ನಕ್ಕ. ಮುಟ್ಟಿದರೆ ಬೆರಳಿನ ಎಣ್ಣೆ ಕೂತು ಕಲೆಯಾಗುತ್ತದೆ, ಆ ಕಲೆ ಮತ್ತೆ ಜನ್ಮದಲ್ಲಿ ಹೋಗುವುದಿಲ್ಲವಂತೆ. ದಿನಕ್ಕೆ ಮುನ್ನೂರು ನಾನೂರು ಬೆವರುಗೈಗಳಿಂದ ನಾಣ್ಯ ಇಸಿದುಕೊಳ್ಳುವ ನನಗೆ ಇದು ನಾಣ್ಯದ ಜಾತಿಗೇ ಮಾಡುವ ಅವಮಾನವೆಂದು ಕಂಡಿತು. ಈಗ ಆ ಕೈಗಳೂ ಕಡಿಮೆಯಾಗಿವೆ. ಜನ ಫೋನು ತೋರಿಸಿ ಇಳಿದುಹೋಗುತ್ತಾರೆ.

ಈ ರೋಗವನ್ನು ಅವನಿಗೆ ಅಂಟಿಸಿದವರು ಮಣಿಪಾಲದಿಂದ ಉಡುಪಿಗೆ ಬರುತ್ತಿದ್ದ ಒಬ್ಬ ನಿವೃತ್ತ ಮಾಸ್ತರರು. ಅವರು ಯಾವಾಗಲೂ ಡ್ರೈವರನ ಎಡಬದಿಯ ಸೀಟಿನಲ್ಲಿಯೇ ಕೂರುವವರು. ಒಂದು ದಿನ ಕಿಸೆಯಿಂದ ಪ್ಲಾಸ್ಟಿಕ್ಕಿನ ದುಂಡು ಕರಡಿಗೆ ತೆಗೆದು ಒಳಗಿನ ನಾಣ್ಯ ತೋರಿಸಿದರು. ಶೇಖರಣ್ಣ ಅದನ್ನು ಬೆಳಕಿಗೆ ಹಿಡಿದ. ಆಮೇಲೆ ಮೂರು ದಿನ ಅವನು ಯಾರೊಡನೆಯೂ ಮಾತಾಡಲಿಲ್ಲ, ಎದುರಿನ ಬಸ್ಸಿನವನಿಗೆ ಬಯ್ಯಲೂ ಇಲ್ಲ. ನಾಲ್ಕನೆಯ ದಿನ ಉಡುಪಿ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುವಾಗ, ನಿನ್ನ ಮನೆಯ ವಿಳಾಸ ಸರಿಯಾಗಿ ಹೇಳು ಎಂದ. ಅವನ ಮನೆ ಇರುವುದು ಕಾರ್ಕಳದಲ್ಲಿ. ಅಲ್ಲಿಗೆ ತರಿಸಿದರೆ ಹೆಂಡತಿ ವಸಂತಕ್ಕ ನೋಡುತ್ತಾರೆ. ಬಚ್ಚಲಿನ ಮಾಡು ಸೋರುವಾಗ, ನಾಣ್ಯದ ಮೇಲೆ ಬರೆದದ್ದರ ಹತ್ತಾರು ಪಟ್ಟು ಬೆಲೆ ಕೊಟ್ಟು ಅದನ್ನು ತರಿಸುವ ಗಂಡನನ್ನು ಎಲ್ಲಿಗೆ ಕರೆದುಕೊಂಡು ಹೋಗಿ ತೋರಿಸಬೇಕೆಂದು ವಸಂತಕ್ಕನಿಗೆ ಚೆನ್ನಾಗಿ ಗೊತ್ತು. ಮಣಿಪಾಲದಲ್ಲಿ ನಮ್ಮ ಬಸ್ಸೇ ಆ ತಲೆಯ ಡಾಕ್ಟರರ ಆಸ್ಪತ್ರೆಯ ಎದುರು ನಿಲ್ಲುತ್ತದೆ. ಆದ್ದರಿಂದ ಹೆಸರು ಅವನದು, ವಿಳಾಸವೂ ಫೋನ್ ನಂಬರೂ ನನ್ನದು ಎಂದಾಯಿತು. ಯಾರಿಗೂ ಹೇಳಬಾರದೆಂದು ನನ್ನಿಂದ ಆಣೆ ಹಾಕಿಸಿದ. ದೇವರ ಮೇಲೆ ಹಾಕಲು ಹೋದರೆ ನಿನ್ನನ್ನು ನಂಬುವುದಿಲ್ಲ ಎಂದು, ನನ್ನ ಸೀಟಿಯ ಮೇಲೆ ಹಾಕಿಸಿದ.

ತಿಂಗಳಿಗೊಮ್ಮೆ ಇಬ್ಬರಿಗೂ ಒಂದೇ ದಿನ ರಜೆ ಬರುವ ಹಾಗೆ ಹೊಂದಿಸಿಕೊಂಡು ಅವನು ಕಾಪುವಿಗೆ ಬರುತ್ತಿದ್ದ. ಉಡುಪಿಯಿಂದ ಬರುವಾಗ ಬೇರೆ ಕಂಪನಿಯ ಬಸ್ಸಿನಲ್ಲಿ ಟಿಕೆಟ್ ಮಾಡಿಯೇ ಬರುವವನು. ನಮ್ಮವರಿಗೆ ಯಾರೂ ಟಿಕೆಟ್ ಕೇಳುವುದಿಲ್ಲ, ಆದರೂ ಅವನ ವಾದ ಬೇರೆ: ಬಿಟ್ಟಿ ಕೂತರೆ ಆ ಬಸ್ಸಿನವನ ಡ್ರೈವಿಂಗಿನ ಬಗ್ಗೆ ಬಾಯಿ ಬಿಡುವ ಹಾಗಿಲ್ಲ. ಮನೆಗೆ ಬಂದವನು ನೇರ ಬಾವಿಕಟ್ಟೆಗೆ ಹೋಗಿ ಸಾಬೂನು ಹಾಕಿ ಮೊಣಕೈವರೆಗೆ ತೊಳೆದು, ಕೈಯನ್ನು ಗಾಳಿಯಲ್ಲಿ ಒಣಗಿಸುತ್ತಿದ್ದ. ಆಮೇಲೆ ಬ್ಯಾಂಡ್‌ಸೆಟ್ಟಿನವರು ಹಾಕುವಂಥ ಬಿಳಿಯ ನೂಲಿನ ಕೈಗವಸು. ಬಾಯಿಗೆ ಕರವಸ್ತ್ರ, ಉಸಿರಿನ ಹನಿ ಬೀಳಬಾರದೆಂದು. ಕಿಟಕಿಯ ಹತ್ತಿರ ಸ್ಟೂಲು ಎಳೆದುಕೊಂಡು ಒಂದೊಂದೇ ಡಬ್ಬಿ ತೆರೆದು ಎರಡು ಗಂಟೆ ನೋಡುತ್ತಿದ್ದ. ಗಿರಿಜೆ ಜಗಲಿಯಲ್ಲಿ ಕೂತು ಮಲ್ಲಿಗೆ ಕಟ್ಟುತ್ತಾ, ನಿಮ್ಮ ಶೇಖರಣ್ಣ ಐಸಿಯುವಿಗೆ ಬಂದಿದ್ದಾರೆ, ಗದ್ದಲ ಮಾಡಬೇಡಿ ಎನ್ನುತ್ತಿದ್ದಳು. ನಾನು ಹತ್ತಿರ ಕೂತು ತೂಕಡಿಸುತ್ತಿದ್ದೆ. ಇಷ್ಟು ಕಷ್ಟಪಟ್ಟು ನೋಡುವುದರಲ್ಲಿ ಎಂತ ಉಂಟು ಎಂದು ಒಮ್ಮೆ ಕೇಳಿದ್ದಕ್ಕೆ, ದಿನವಿಡೀ ಕನ್ನಡಿಯಲ್ಲಿ ಹಿಂದೆ ಬರುವ ಗಾಡಿಯನ್ನೇ ನೋಡುವುದಲ್ಲವಾ, ಇದರಲ್ಲಿ ಹಿಂದೆ ಯಾರೂ ಬರುವುದಿಲ್ಲ ಎಂದ. ಅವನು ಹೇಳಿದ್ದು ತಮಾಷೆಗೋ ನಿಜವಾಗಿಯೋ ಎಂದು ಆಗಲೂ ಗೊತ್ತಾಗಲಿಲ್ಲ, ಈಗ ಕೇಳುವಂತಿಲ್ಲ.

ಇನ್ನು ಟಂಕಸಾಲೆಯ ಸಂಗತಿ. ನಮ್ಮ ಬಸ್ಸು ಮೂರು ನಿಮಿಷ ತಡವಾದರೆ ಹಿಂದಿನ ಬಸ್ಸಿನ ಕಂಡಕ್ಟರ್ ಇಳಿದು ಬಂದು ನನ್ನ ಅಂಗಿ ಹಿಡಿಯುತ್ತಾನೆ. ಟಂಕಸಾಲೆಯ ಹಿಂದೆ ಇನ್ನೊಂದು ಟಂಕಸಾಲೆ ಬರುವುದಿಲ್ಲ, ಆದ್ದರಿಂದ ಅವರಿಗೆ ಗಡಿಬಿಡಿ ಇಲ್ಲ. ಹೊಸ ನಾಣ್ಯವನ್ನು ಯಾರೋ ದೊಡ್ಡವರು ಬಿಡುಗಡೆ ಮಾಡುವ ಫೋಟೋ ಪೇಪರಿನಲ್ಲಿ ಬರುತ್ತದೆ. ಅದರ ಸೆಟ್ಟು ಮಾರಾಟಕ್ಕೆ ಬರುವುದು ಮುಂದಿನ ತಿಂಗಳೂ ಆಗಬಹುದು, ಎರಡು ವರ್ಷದ ಮೇಲೂ ಆಗಬಹುದು, ಬಾರದೆಯೂ ಇರಬಹುದು. ಇವನ ಹಾಗೆ ಸಂಗ್ರಹ ಮಾಡುವವರದ್ದೇ ಒಂದು ವಾಟ್ಸಾಪ್ ಗುಂಪು ಉಂಟು, ಅದನ್ನೂ ನನ್ನ ಫೋನಿಗೇ ಸೇರಿಸಿದ್ದ. ಅಲ್ಲಿ ಬೆಳಿಗ್ಗೆ ಒಬ್ಬರು ಈ ವರ್ಷ ನಾಲ್ಕು ಸೆಟ್ಟು ಖಂಡಿತ ಎಂದು ಬರೆದರೆ ಮಧ್ಯಾಹ್ನ ಇನ್ನೊಬ್ಬರು ಇನ್ನು ಮುಂದೆ ಸೆಟ್ಟೇ ಮಾಡುವುದಿಲ್ಲವಂತೆ ಎಂದು ಬರೆಯುತ್ತಾರೆ. ಬುಕಿಂಗ್ ತೆರೆಯುವ ಹೊತ್ತೂ ನಮ್ಮ ಟ್ರಿಪ್ಪಿನ ಮಧ್ಯೆಯೇ ಬರುವುದು. ಒಮ್ಮೆ ಪರ್ಕಳದ ಏರಿನಲ್ಲಿ ಶೇಖರಣ್ಣ ಬಸ್ಸು ಬದಿಗೆ ನಿಲ್ಲಿಸಿ, ಇಂಜಿನ್ ಬಿಸಿಯಾಗಿದೆ ಎಂದು ಬಾನೆಟ್ ಎತ್ತಿ ಅದರೊಳಗೆ ತಲೆ ಹಾಕಿ ನಿಂತ. ನಾನು ಬಸ್ಸಿನ ಹಿಂಬದಿಗೆ ಹೋಗಿ ಫೋನಿಗೆ ಬಂದ ಆರಂಕಿಯ ಓಟಿಪಿಯನ್ನು ಮೂರು ಸಲ ತಪ್ಪು ಒತ್ತಿ ನಾಲ್ಕನೆಯ ಸಲ ಸರಿ ಒತ್ತಿದೆ. ಅಷ್ಟರಲ್ಲಿ ಹಿಂದಿನ ಬಸ್ಸು ನಮ್ಮನ್ನು ದಾಟಿಹೋಯಿತು, ನಮ್ಮ ಅರ್ಧ ಪ್ಯಾಸೆಂಜರು ಅದಕ್ಕೆ ಓಡಿದರು, ಪಾಪ ಒಬ್ಬರು ಮುದುಕರು ತಮ್ಮ ಬಾಟಲಿಯ ನೀರನ್ನು ಇಂಜಿನ್ನಿಗೆ ಹಾಕಲು ತಂದರು. ಮಾಲಕರಿಗೆ ಏನು ಹೇಳಿದೆವೆಂದು ಇಲ್ಲಿ ಬರೆಯುವುದಿಲ್ಲ, ಅವರೂ ಓದುವವರು.

ಅದೇ ಹದಿನೆಂಟನೆಯ ಸೆಟ್ಟು. ಬುಕ್ ಆದದ್ದು ನಿಜ, ಹಣ ಹೋದದ್ದೂ ನಿಜ. ಯಾವಾಗ ಬರುತ್ತದೆ ಎಂಬುದು ಮಾತ್ರ ಟಂಕಸಾಲೆಗೂ ಸರಿಯಾಗಿ ಗೊತ್ತಿದ್ದ ಹಾಗಿರಲಿಲ್ಲ. ತಯಾರಿಯಲ್ಲಿದೆ ಎಂದು ಒಂದು ಸಂದೇಶ ಬಂತು. ಎರಡು ತಿಂಗಳ ಮೇಲೆ ಅದೇ ಸಂದೇಶ ಮತ್ತೊಮ್ಮೆ ಬಂತು. ಡ್ರೈವರೂ ಕಂಡಕ್ಟರೂ ಮಾತಾಡುವುದು ಒಳಗಿನ ಕನ್ನಡಿಯಲ್ಲಿ. ಇಷ್ಟು ವರ್ಷದಲ್ಲಿ ನಾನು ಶೇಖರಣ್ಣನ ಬಾಯಿಗಿಂತ ಹುಬ್ಬನ್ನೇ ಹೆಚ್ಚು ನೋಡಿದ್ದೇನೆ. ಪ್ರತಿ ದಿನ ಮೊದಲ ಟ್ರಿಪ್ಪಿನಲ್ಲಿ ಆ ಹುಬ್ಬು ಒಮ್ಮೆ ಮೇಲೆ ಹೋಗುತ್ತಿತ್ತು. ಬಂತಾ ಎಂದು ಅರ್ಥ. ನಾನು ತಲೆ ಅಲ್ಲಾಡಿಸುತ್ತಿದ್ದೆ. ಹುಬ್ಬು ಕೆಳಗಿಳಿದು ಬಸ್ಸು ಮುಂದೆ ಹೋಗುತ್ತಿತ್ತು.

ಅವನು ಹೋದದ್ದು ಒಂದು ಭಾನುವಾರ. ಅವನಿಗೆ ರಜೆ, ನನಗೆ ಇಲ್ಲ. ಬದಲಿ ಡ್ರೈವರ್ ಜೊತೆ ಹಿರಿಯಡಕ ದಾಟುವಾಗ ಹಿಂದಿನಿಂದ ಆಂಬುಲೆನ್ಸ್ ಕೂಗುತ್ತಾ ಬಂತು. ಬದಲಿಯವನು ಸ್ವಲ್ಪ ಹಟದವನು, ಬೇಗ ಬಿಡುವುದಿಲ್ಲ. ನಾನು ಬಾಗಿಲಿನಲ್ಲಿ ನೇತಾಡಿಕೊಂಡು ತಗಡು ಬಡಿದು, ಸೈಡ್ ಕೊಡು, ಯಾರದೋ ಮನೆಯ ಜೀವ ಎಂದು ಗದರಿದೆ. ಸೈಡ್ ಕೊಟ್ಟ. ಆಂಬುಲೆನ್ಸ್ ದಾಟಿಹೋಯಿತು. ಒಳಗಿದ್ದವನು ಆ ರಸ್ತೆಯಲ್ಲಿ ನಮ್ಮ ಬಸ್ಸನ್ನು ಹಿಂದೆ ಹಾಕಿದ್ದು ಅದೊಂದೇ ಸಲ. ಮಣಿಪಾಲ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತಂತೆ. ನನಗೆ ಗೊತ್ತಾದದ್ದು ಉಡುಪಿಯಲ್ಲಿ ಜನ ಇಳಿಸಿದ ಮೇಲೆ.

ಹದಿಮೂರನೆಯ ದಿನದ ಉತ್ತರಕ್ರಿಯೆ, ನಮ್ಮ ಕಡೆಯ ಬೊಜ್ಜ, ಮುಗಿಸಿ ಬಂದ ಸಂಜೆ ನಾನು ಕಂಬಳಿ ಎತ್ತಿ ಡಬ್ಬಿಗಳನ್ನು ಎಣಿಸಿದೆ. ಇವು ವಸಂತಕ್ಕನವು, ಕೊಡಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಸೆಟ್ಟು ಬರಲಿಕ್ಕೆ ಬಾಕಿ ಉಂಟಲ್ಲ, ಅದೂ ಬಂದ ಮೇಲೆ ಹದಿನೆಂಟನ್ನೂ ಒಟ್ಟಿಗೆ ಕೊಂಡುಹೋಗಿ ಕೊಟ್ಟರೆ ಚೆಂದ ಎಂದು ಅನಿಸಿತು. ಈ 'ಚೆಂದ' ಎಂಬ ಶಬ್ದವನ್ನು ಹೇಡಿಗಳೇ ಕಂಡುಹಿಡಿದಿರಬೇಕು. ಟಂಕಸಾಲೆಗೆ ಫೋನು ಮಾಡಿದೆ. ಸಿನಿಮಾ ನೋಡಿ ಕಲಿತ ನನ್ನ ಹಿಂದಿಯಲ್ಲಿ ವಿಚಾರಿಸಿದರೆ ಆ ಕಡೆಯ ಹೆಂಗಸು ಬಹಳ ಮರ್ಯಾದೆಯಿಂದ, ಬೇಗ ಬರುತ್ತದೆ, ಯಾವಾಗ ಎಂದು ಹೇಳಲಾಗುವುದಿಲ್ಲ ಎಂದಳು. ಮುಂದಿನ ತಿಂಗಳೂ ಹಾಗೆಯೇ ಹೇಳಿದಳು. ಮೂರನೆಯ ಸಲ ಅವಳು ಅದನ್ನು ಹೇಳಿದಾಗ ನನ್ನ ಎದೆಗೆ ಒಂದು ಸಮಾಧಾನ ಬಂತು, ಆ ಸಮಾಧಾನ ನನ್ನನ್ನು ಹೆದರಿಸಿತು. ಸೆಟ್ಟು ಬಾರದಿರಲಿ ಎಂದು ನಾನು ಕಾಯುತ್ತಿದ್ದೆ. ಅಂಚೆಯವನ ಸೈಕಲ್ಲಿನ ಗಂಟೆ ಕೇಳಿದರೆ ಒಳಗೆ ಹೋಗಿ ಕೂರುತ್ತಿದ್ದೆ. ಅದು ಬಾರದಿರುವಷ್ಟು ದಿನ ಶೇಖರಣ್ಣನದ್ದು ಏನೋ ಒಂದು ಇನ್ನೂ ನಡೆಯುತ್ತಾ ಇರುತ್ತದೆ. ಬಂದರೆ ಅದೂ ಮುಗಿಯುತ್ತದೆ. ಲೋಕವೆಲ್ಲ ಮುಂದಿನ ಸೆಟ್ಟು ಯಾವಾಗ ಎಂದು ಗೋಳಾಡುತ್ತಿರುವಾಗ, ತಡವಾಗಲಿ ಎಂದು ಹರಕೆ ಹೊತ್ತ ಏಕೈಕ ಗಿರಾಕಿ ನಾನೇ ಇರಬೇಕು.

ಇದು ಹೀಗೆಯೇ ಸಾಗುತ್ತಿತ್ತೇನೋ. ಒಂದು ಮಧ್ಯಾಹ್ನ ಕಾರ್ಕಳ ಸ್ಟ್ಯಾಂಡಿನಲ್ಲಿ ವಸಂತಕ್ಕ ನಮ್ಮ ಬಸ್ಸಿಗೆ ಹತ್ತಿದರು. ಶೇಖರಣ್ಣನ ಪ್ರಾವಿಡೆಂಟ್ ಫಂಡಿನ ಯಾವುದೋ ಕಾಗದಕ್ಕೆ ಉಡುಪಿಗೆ ಹೋಗಬೇಕಾಗಿತ್ತು. ಮುಂದಿನ ಬಾಗಿಲ ಹತ್ತಿರದ ಸೀಟಿನಲ್ಲಿ ಕೂತರು. ಡ್ರೈವರ್ ಸೀಟಿನ ಕಡೆ ನೋಡಲಿಲ್ಲ. ನಾನು ಟಿಕೆಟ್ ಕೊಡುತ್ತಾ ಬಂದಾಗ ಐವತ್ತರ ನೋಟು ಚಾಚಿದರು. ಡ್ರೈವರನ ಮನೆಯವರಿಗೆ ಟಿಕೆಟ್ ಇಲ್ಲ, ಅದು ನಮ್ಮ ಲೈನಿನಲ್ಲಿ ಮೊದಲಿನಿಂದ ಬಂದ ಕ್ರಮ. ಬೇಡ ಅಕ್ಕ ಎಂದೆ. ಈಗ ತೆಗೆದುಕೊಳ್ಳಬೇಕಲ್ಲ ಸುಧಾಕರಣ್ಣ ಎಂದು ಮೆತ್ತಗೆ ಹೇಳಿದರು. ನಾನು ಹಿಂದಿನ ಸೀಟಿಗೆ ಹೋದೆ. ಮರಳಿ ಬಂದಾಗಲೂ ನೋಟು ಹಾಗೆಯೇ ಚಾಚಿಕೊಂಡೇ ಇತ್ತು. ಬೈಲೂರು ಬರುವವರೆಗೆ ಅವರು ಕೈ ಇಳಿಸಲಿಲ್ಲ. ಕೊನೆಗೆ ಕಂಬಿ ಹಿಡಿದು ಅವರ ಹತ್ತಿರ ಬಗ್ಗಿದೆ. ಆಗ ಅವರು ಕೈಚೀಲದಿಂದ ಕರವಸ್ತ್ರದ ಒಂದು ಗಂಟು ತೆಗೆದು ಬಿಚ್ಚಿದರು. ಒಳಗೆ ಇದ್ದದ್ದು ಬಸ್ಸಿನ ಟಿಕೆಟುಗಳು. ಹಲವು ಅಳಿಸಿಹೋಗಿದ್ದವು, ಕೆಲವನ್ನು ಓದಬಹುದಿತ್ತು. ಉಡುಪಿಯಿಂದ ಕಾಪು. ಉಡುಪಿಯಿಂದ ಕಾಪು. ಅವುಗಳ ಜೊತೆ ಒಂದು ಜೊತೆ ಬಿಳಿಯ ಕೈಗವಸು.

"ಗ್ಯಾರೇಜಿಗೆ ಹೋಗುತ್ತೇನೆ ಅಂತ ಹೇಳಿ ಹೋಗುತ್ತಿದ್ದರು. ಹಣವೂ ಆಗಾಗ ಎಲ್ಲಿಗೋ ಹೋಗಿದೆ, ಪಾಸ್‌ಬುಕ್ಕಿನಲ್ಲಿ ಉಂಟು. ನಾನು ಜಗಳಕ್ಕೆ ಕೇಳುವುದಲ್ಲ. ಇನ್ನು ಯಾರ ಹತ್ತಿರ ಜಗಳ? ಕಾಪುವಿನಲ್ಲಿ ಅವರಿಗೆ ಯಾರಿದ್ದರು?"

ಇಲ್ಲಿ ನಾನು ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯಬೇಕು. ನನಗೆ ಗೊತ್ತಿಲ್ಲ ಅಕ್ಕ ಎಂದೆ. ಕಿವಿ ಕೆಂಪಾಯಿತು. ಬಾಯಿ ಎಲ್ಲಿ ತೆರೆದೀತೋ ಎಂದು ಹೆದರಿ ಅದಕ್ಕೆ ಸೀಟಿ ತುರುಕಿ ಎರಡು ಸಲ ಊದಿಬಿಟ್ಟೆ. ಎರಡು ಊದಿದರೆ ರೈಟ್ ಪೋಯಿ, ಮುಂದೆ ಹೋಗು ಎಂದು ಅರ್ಥ. ಬಸ್ಸು ಬೈಲೂರಿನಲ್ಲಿ ಆಗಷ್ಟೇ ನಿಂತಿತ್ತು. ಬದಲಿಯವನು ನಂಬಿಗಸ್ತ, ಊದಿದ ಕೂಡಲೇ ಎಳೆದ. ಒಬ್ಬ ಹೆಂಗಸು ಕೆಳಗೆ, ಅವಳ ಅಕ್ಕಿಯ ಚೀಲ ಮೇಲೆ. ಅವಳು ಹಿಂದಿನಿಂದ ನನ್ನ ಕುಲಗೋತ್ರವನ್ನೆಲ್ಲ ಹೇಳುತ್ತಾ ಓಡಿ ಬಂದು ಹತ್ತಿದಳು. ಬೈಗುಳ ತಿನ್ನುವ ನೆವದಲ್ಲಿ ನಾನು ಹಿಂದಿನ ಬಾಗಿಲಿನಲ್ಲಿಯೇ ಉಳಿದೆ. ಉಡುಪಿಯಲ್ಲಿ ವಸಂತಕ್ಕ ಇಳಿಯುವಾಗ ಐವತ್ತರ ನೋಟನ್ನು ಕಂಬಿಯ ಸಂದಿಯಲ್ಲಿ ಸಿಕ್ಕಿಸಿ ಹೋಗಿದ್ದರು.

ಆ ರಾತ್ರಿ ಊಟಕ್ಕೆ ಕೂತವನು ಬಸ್ಸಿನಲ್ಲಿ ನಡೆದದ್ದನ್ನೆಲ್ಲ ಗಿರಿಜೆಗೆ ಹೇಳಿದೆ. ಅವಳು ಬಡಿಸುತ್ತಿದ್ದ ಸೌಟನ್ನು ಪಾತ್ರೆಗೆ ಇಳಿಸಿ ನನ್ನ ಎದುರು ಕೂತಳು. ಬಯ್ಯುತ್ತಾಳೆಂದು ನಾನು ತಲೆ ತಗ್ಗಿಸಿದೆ. ಅವಳು ಸ್ವರ ಏರಿಸಲಿಲ್ಲ.

"ಬದುಕಿದ್ದಾಗ ಅವರಿಗೆ ಚಹಾದ ಹೊರತು ಬೇರೆ ಚಟ ಇರಲಿಲ್ಲ. ಸತ್ತ ಮೇಲೆ ನೀವು ಅವರಿಗೆ ಒಂದು ಹೆಂಗಸನ್ನು ಕಟ್ಟಿದಿರಿ. ಅದೂ ನಮ್ಮ ಊರಿನಲ್ಲಿ."

ಸೆಟ್ಟು ಬರಲಿ ಎಂದು ನೋಡುತ್ತಿದ್ದೆ ಎಂದೆ. ಟಂಕಸಾಲೆಯವರು ಮುಂದಿನ ವರ್ಷ ಕಳಿಸಿದರೆ ಅಲ್ಲಿಯವರೆಗೆ ಆ ವಸಂತಕ್ಕ ಹೇಗೆ ನಿದ್ದೆ ಮಾಡುವುದು ಎಂದು ಕೇಳಿದಳು. ಅನ್ನ ಬಡಿಸಿದಳು, ಸಾರು ಹಾಕಲಿಲ್ಲ. ನಾನು ಕೇಳಲೂ ಇಲ್ಲ.

ಮುಂದಿನ ರಜೆಯ ದಿನ ಹದಿನೇಳು ಡಬ್ಬಿಗಳನ್ನು ಹಳೆಯ ಸೀರೆಯ ತುಂಡುಗಳಲ್ಲಿ ಸುತ್ತಿ ಒಂದು ದೊಡ್ಡ ಚೀಲಕ್ಕೆ ಹಾಕಿಕೊಂಡು ಹೊರಟೆ. ನಮ್ಮ ಬಸ್ಸಿನಲ್ಲಿ ಹೋಗುವ ಧೈರ್ಯವಾಗಲಿಲ್ಲ, ಎಲ್ಲರೂ ಕೇಳುತ್ತಾರೆ. ಉಡುಪಿಯಲ್ಲಿ ಬೇರೆ ಕಂಪನಿಯದಕ್ಕೆ ಹತ್ತಿದೆ. ಅದರ ಕಂಡಕ್ಟರ್ ನನ್ನ ಗುರುತಿನವನೇ. ಚೀಲವನ್ನು ಕಾಲಿನಿಂದ ತಳ್ಳಿ ನೋಡಿ, ಭಾರ ಉಂಟಲ್ಲ, ಎ‌ಂತ ಇದು, ಲಗೇಜ್ ಆಗುತ್ತದೆ ಎಂದ. ನಾನೂ ಇಷ್ಟು ವರ್ಷ ಬಡವರ ಮೀನಿನ ಬುಟ್ಟಿಗಳನ್ನು ಕಾಲಿನಿಂದಲೇ ತಳ್ಳಿ ನೋಡಿದವನು. ಮರುಮಾತಿಲ್ಲದೆ ಲಗೇಜಿನ ಹಣವನ್ನೂ ಕೊಟ್ಟೆ. ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡೆ. ಮಣಿಪಾಲ ಬಂತು, ಪರ್ಕಳ ಬಂತು. ಹೊಂಡ ಸಿಕ್ಕಿದಲ್ಲೆಲ್ಲ ಒಳಗಿನಿಂದ ಸಣ್ಣದಾಗಿ ಸದ್ದು ಬರುತ್ತಿತ್ತು. ಶೇಖರಣ್ಣ ಇದ್ದರೆ ಆ ಡ್ರೈವರನಿಗೆ ಏನು ಹೇಳುತ್ತಿದ್ದ ಎಂದು ನನಗೆ ಗೊತ್ತಿತ್ತು. ಟಿಕೆಟ್ ಮಾಡಿದ್ದೆ, ಹೇಳುವ ಹಕ್ಕಿತ್ತು. ಹೇಳಲಿಲ್ಲ.

ವಸಂತಕ್ಕ ಕಿಟಕಿಯ ಹತ್ತಿರ ಹೊಲಿಗೆ ಯಂತ್ರದ ಮುಂದೆ ಕೂತಿದ್ದರು. ಸೀರೆಗಳಿಗೆ ಫಾಲ್ ಹೊಲಿದು ಕೊಡುವುದು ಅವರ ಕೆಲಸ. ಮಕ್ಕಳಿಲ್ಲದ ಮನೆ, ಒಳಗೆ ಇನ್ನಾರೂ ಇಲ್ಲ. ಗೋಡೆಯ ಮೊಳೆಯಲ್ಲಿ ಅವನ ಖಾಕಿ ಅಂಗಿ ಇಸ್ತ್ರಿ ಮಾಡಿ ತೂಗುಹಾಕಿತ್ತು. ನಾನು ನಿಂತುಕೊಂಡೇ, ಬಸ್ಸಿನಲ್ಲಿ ಸ್ಟಾಪುಗಳ ಹೆಸರು ಕೂಗುವವನ ಹಾಗೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಮಾಸ್ತರರು, ಟಂಕಸಾಲೆ, ವಿಳಾಸ, ಸೀಟಿಯ ಮೇಲಿನ ಆಣೆ. ಯಂತ್ರದ ಮೇಲಿನ ಸೀರೆಯನ್ನು ಸರಿಸಿ ಡಬ್ಬಿಗಳನ್ನು ಒಂದೊಂದಾಗಿ ಇಟ್ಟೆ. ಅವರು ಒಂದನ್ನು ತೆರೆದು ನೋಡಿದರು, ಮುಚ್ಚಿದರು.

"ಹೆಂಗಸು ಅಂತ ಹೇಳಿದ್ದರೆ ನಂಬಬಹುದಿತ್ತು ಸುಧಾಕರಣ್ಣ. ಇದನ್ನು ಹೇಗೆ ನಂಬುವುದು?"

ನಂಬಿಸಲು ನನಗೆ ಒಂದೇ ದಾರಿ ಕಂಡಿತು. ಹಿತ್ತಲಿಗೆ ಹೋಗಿ ಮೊಣಕೈವರೆಗೆ ಕೈ ತೊಳೆದುಬಂದೆ. ಕೈಗವಸು ಕೇಳಿದೆ, ಕೊಟ್ಟರು. ಅವನದು ದೊಡ್ಡ ಕೈ. ನನ್ನ ಬೆರಳುಗಳ ತುದಿಯಲ್ಲಿ ಬಟ್ಟೆ ಖಾಲಿಯಾಗಿ ಜೋಲುತ್ತಿತ್ತು. ಬಾಯಿಗೆ ಕರವಸ್ತ್ರ ಕಟ್ಟಿದೆ. ಕಿಟಕಿಯ ಬೆಳಕಿನಲ್ಲಿ ಕೂತು ಒಂದು ನಾಣ್ಯವನ್ನು ಅಂಚು ಹಿಡಿದು ಎತ್ತಿ, ಅವನ ಹಾಗೆಯೇ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಓರೆ ಮಾಡಿದೆ. ಯಾರಾದರೂ ಹೊರಗಿನಿಂದ ನೋಡಿದ್ದರೆ ಸೀರೆಗೆ ಫಾಲ್ ಹಾಕಿಸಲು ಬಂದ ಡಾಕ್ಟರ್ ಎಂದುಕೊಳ್ಳುತ್ತಿದ್ದರು. ವಸಂತಕ್ಕ ನಗಲಿಲ್ಲ. ನಾಣ್ಯವನ್ನು ನೋಡಲೂ ಇಲ್ಲ, ನನ್ನ ಕೈಗಳನ್ನೇ ನೋಡುತ್ತಿದ್ದರು. ನಂಬಿದರು ಎಂದು ನನಗೆ ಗೊತ್ತಾಯಿತು. ನನ್ನ ಎದೆಯಿಂದ ಒಂದು ಕಲ್ಲು ಇಳಿಯಿತು, ಇನ್ನು ಚಹಾ ಕೊಡುತ್ತಾರೆ ಎಂದುಕೊಂಡೆ.

ಎಷ್ಟು ಹೊತ್ತು ಹೀಗೆ ಕೂರುತ್ತಿದ್ದರು ಎಂದು ಕೇಳಿದರು. ಎರಡು ಗಂಟೆ, ಕೆಲವು ಸಲ ಹೆಚ್ಚು ಎಂದೆ. ಆಗ ನೀವೆಲ್ಲಿರುತ್ತಿದ್ದಿರಿ ಎಂದರು. ಅಲ್ಲಿಯೇ, ಹತ್ತಿರ. ಎಂತ ಮಾತಾಡುತ್ತಿದ್ದಿರಿ? ಹೆಚ್ಚೇನೂ ಇಲ್ಲ ಅಕ್ಕ, ಇದನ್ನು ನೋಡು ಎನ್ನುತ್ತಿದ್ದ, ನಾನು ಹ್ಞೂಂ ಎನ್ನುತ್ತಿದ್ದೆ. ಇದನ್ನು ಹೇಳುವಾಗ ನನಗೆ ಸ್ವಲ್ಪ ಹೆಮ್ಮೆಯೂ ಆಯಿತು. ಅದು ಮುಖದಲ್ಲಿ ಕಂಡಿರಬೇಕು. ವಸಂತಕ್ಕ ಬದಿಗೆ ಸರಿಸಿದ್ದ ಸೀರೆಯನ್ನು ತೊಡೆಗೆ ಎಳೆದುಕೊಂಡರು.

"ನನ್ನ ಹತ್ತಿರ ಊಟಕ್ಕೆ ಕೂತರೆ ಹತ್ತು ನಿಮಿಷ. ರಜೆಯ ದಿನವೂ ಬಸ್ಸಿಗೆ ಹೊತ್ತಾದವರ ಹಾಗೆ ಏಳುವುದು. ಅವರಿಗೆ ಒಂದು ಕಡೆ ಕೂರಲಿಕ್ಕೆ ಬರುವುದಿಲ್ಲ ಅಂತ ನಾನು ತಿಳಿದದ್ದು. ಕಾಪುವಿನಲ್ಲಿ ಇದ್ದದ್ದು ನೀವಾ. ಹೆಂಗಸಾಗಿದ್ದರೆ ಜಡೆ ಹಿಡಿದು ಕೇಳುತ್ತಿದ್ದೆ. ನಿಮ್ಮ ಹತ್ತಿರ ಎಂತ ಕೇಳುವುದು?"

ನಾನು ಕರವಸ್ತ್ರ ಬಿಚ್ಚಿದೆ. ಬಾಯಿಗೆ ಬಂದದ್ದನ್ನು ಹೇಳತೊಡಗಿದೆ. ಮಳೆಗಾಲದಲ್ಲಿ ತೇವ ತಾಗಬಾರದು, ಡಬ್ಬಿಯೊಳಗಿನ ತೇವ ಹೀರುವ ಸಣ್ಣ ಪೊಟ್ಟಣ ಬದಲಿಸಬೇಕು, ಬಚ್ಚಲಿನ ಬದಿಯ ಗೋಡೆಗೆ ಇಡಬಾರದು, ಬೇಕಾದರೆ ತಿಂಗಳಿಗೊಮ್ಮೆ ನಾನೇ ಬಂದು ನೋಡುತ್ತೇನೆ. ಬೇಡ, ನಾನು ಇಟ್ಟುಕೊಳ್ಳುತ್ತೇನೆ ಎಂದರು. ಕೈ ಚಾಚಿದರು. ನನಗೆ ಕೂಡಲೇ ಅರ್ಥವಾಗಲಿಲ್ಲ. ಕೈಗವಸು ಎಂದರು. ಬಿಚ್ಚಿ ಕೊಟ್ಟೆ.

ಏಳುವಾಗ ಇನ್ನೊಂದು ಸೆಟ್ಟಿನ ಮಾತೆತ್ತಿದೆ. ಹಣ ಕೊಟ್ಟಾಗಿದೆ, ಬಂದ ಕೂಡಲೇ ತಂದುಕೊಡುತ್ತೇನೆ ಎಂದೆ. ಬರುತ್ತದಾ ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಅವರು ಆಗಲೇ ಸೂಜಿಗೆ ನೂಲು ಪೋಣಿಸುತ್ತಿದ್ದರು, ತಲೆ ಎತ್ತಲಿಲ್ಲ.

"ಬಂದರೆ ನೀವೇ ಇಟ್ಟುಕೊಳ್ಳಿ. ಅದನ್ನು ಅವರು ನೋಡಿಲ್ಲವಲ್ಲ."

ಸ್ಟ್ಯಾಂಡಿಗೆ ನಡೆದುಬಂದು ಹೊರಡಲಿದ್ದ ಬಸ್ಸಿಗೆ ಹತ್ತಿ ಕೂತೆ. ಚೀಲವನ್ನು ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲಿಟ್ಟುಕೊಂಡೆ. ಕಂಡಕ್ಟರ್ ಹೊಸಬ, ನನ್ನನ್ನು ಅರಿಯ. ಹತ್ತಿರ ಬಂದು ಎಲ್ಲಿಗೆ ಎಂದ. ನಾನು ಈ ಪ್ರಶ್ನೆಯನ್ನು ಇಪ್ಪತ್ತೆರಡು ವರ್ಷ ಕೇಳಿದವನು. ಉತ್ತರ ಹೇಳದೆ ಕಣ್ಣು ಬಿಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಹತ್ತುವ ಮೊದಲೇ ಯೋಚಿಸಬಾರದಾ ಎಂದು ಎಷ್ಟೋ ಜನರಿಗೆ ಗದರಿದ್ದೂ ಉಂಟು. ಉಡುಪಿ ಎಂದರೆ ಆಗುತ್ತಿತ್ತು. ಅಲ್ಲಿ ಇಳಿದು ಕಾಪುವಿನ ಬಸ್ಸು ಹಿಡಿಯಬೇಕು, ಮನೆಗೆ ಹೋಗಬೇಕು, ಕಪಾಟಿನ ಕಂಬಳಿ ಮಡಚಿಡಬೇಕು. ಎಲ್ಲ ಗೊತ್ತಿದ್ದೂ ಬಾಯಿಗೆ ಮಾತು ಬರಲಿಲ್ಲ. ಬೇಗ ಹೇಳಿ ಮಾರಾಯ್ರೆ, ಹಿಂದೆ ಜನ ಉಂಟು ಎಂದ. ನಾನು ನೋಟು ಚಾಚಿ, ಬಸ್ಸು ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಗೆ ಕೊಡು ಎಂದೆ. ಇಂಥವರನ್ನು ನಾನು ಹೇಗೆ ನೋಡುತ್ತೇನೋ ಹಾಗೆಯೇ ಅವನು ನನ್ನನ್ನು ಒಮ್ಮೆ ನೋಡಿದ. ಟಿಕೆಟ್ ಹರಿದು ಕೈಗಿಟ್ಟು, ಸ್ವಲ್ಪ ಒಳಗೆ ಸರಿದು ಕೂತುಕೊಳ್ಳಿ, ಇನ್ನೊಬ್ಬರು ಕೂರಬಹುದು ಎಂದ. ನಾನು ಸರಿದು ಕೂತೆ.